ರಾತ್ರಿ ಊಟಕ್ಕೆ ಹೆಸರಿಲ್ಲ

ಮೂಡುಬಿದಿರೆ
3-9-1997, ಬುಧವಾರ

ಮಾವ,

ಸಂಜೆ ಏಳೂವರೆ. ಈಗಷ್ಟೇ ಸಂಗೀತ ಮಾಸ್ಟ್ರ ಮನೆಯಿಂದ ಬಂದೆ. ಬೆಳಿಗ್ಗೆ ಶಿಶುವಿಹಾರದಲ್ಲಿ ಮಕ್ಕಳಿಗೆ ಹಾಡು ಹೇಳಿಕೊಟ್ಟದ್ದು, ಮಧ್ಯಾಹ್ನ ಬಟ್ಟೆ ಒಗೆದದ್ದು, ಐದರಿಂದ ಏಳರ ತನಕ ಪಾಠ. ದಿನ ಹೀಗೆ ಹೋಯಿತು. ಹಾಸ್ಟೆಲಿನ ಹುಡುಗಿಯರೆಲ್ಲ ಕೆಳಗೆ ಊಟದ ಗಂಟೆಗೆ ಕಾಯುತ್ತಿದ್ದಾರೆ. ಕೋಣೆಯಲ್ಲಿ ನಾನೊಬ್ಬಳೇ.

ಬಂಟ್ವಾಳದ ಶಾಲೆಯಿಂದ ಉತ್ತರ ಬಂತು. ಸೀನಿಯರ್ ಸಂಗೀತ ಪರೀಕ್ಷೆ ಪಾಸಾದ ಪತ್ರ ತೋರಿಸಿದರೆ ಸಂಗೀತ ಟೀಚರ್ ಕೆಲಸ ನನಗೇ ಕೊಡುತ್ತಾರಂತೆ. ತಿಂಗಳಿಗೆ ಸಾವಿರದ ಇನ್ನೂರು. ಬರುವ ಜುಲೈ ತನಕ ಕಾಯುತ್ತಾರೆ, ಆಮೇಲೆ ಬೇರೆಯವರನ್ನು ತೆಗೆದುಕೊಳ್ಳುತ್ತಾರೆ. ಪರೀಕ್ಷೆ ಮೇ ತಿಂಗಳಲ್ಲಿ. ಅರ್ಜಿ ಮತ್ತು ಫೀಸು ಕಟ್ಟಲು ಫೆಬ್ರವರಿ ಹತ್ತು ಕೊನೆಯ ದಿನ. ಈ ವರ್ಷ ತಪ್ಪಿದರೆ ಕೆಲಸವೂ ತಪ್ಪಿತು.

ಒಂದು ಶ್ರುತಿಪೆಟ್ಟಿಗೆಯೂ ಬೇಕು. ಕರೆಂಟಿನಲ್ಲಿ ಓಡುವಂಥದ್ದು, ಮಂಗಳೂರಿನಲ್ಲಿ ಸಾವಿರದ ನಾನೂರು ಹೇಳುತ್ತಾರೆ. ಅಮ್ಮನ ಬೀಡಿಯ ಪಿ.ಎಫ್. ಹಣ ಬಂದರೆ ಇದಕ್ಕೇ ಎಂದು ನೀವು ಹೇಳಿದ್ದಿರಿ. ಬೀಡಿ ಬ್ರಾಂಚಿನಲ್ಲಿ ಒಮ್ಮೆ ವಿಚಾರಿಸಿ ನೋಡಿ.

ಮತ್ತೊಂದು. ಈ ತಿಂಗಳು ಒಂದನೇ ತಾರೀಕಿನಿಂದ ನಾನು ರಾತ್ರಿ ಊಟ ಬಿಟ್ಟಿದ್ದೇನೆ. ಇಲ್ಲಿ ಊಟ ಎಂಟಕ್ಕೆ. ಸೂರ್ಯ ಮುಳುಗಿದ ಮೇಲೆ ಉಣ್ಣುವುದು ನಮ್ಮ ಜೈನರಲ್ಲಿ ಸರಿಯಲ್ಲವಲ್ಲ. ಬೇಡ ಎಂದು ಪುಸ್ತಕದಲ್ಲಿ ಬರೆಸಿದರೆ ಮೆಸ್ಸಿನವರು ತಿಂಗಳಿಗೆ ತೊಂಬತ್ತು ರೂಪಾಯಿ ಕಡಿಮೆ ಮಾಡುತ್ತಾರೆ. ಪಾಠಕ್ಕೆ ಹೋಗುವ ಮೊದಲು ಅವಲಕ್ಕಿ ತಿನ್ನುತ್ತೇನೆ, ಸಾಕಾಗುತ್ತದೆ.

ನೀವು ಕಳಿಸಿದ ಇನ್ನೂರು ರೂಪಾಯಿ ಬಂತು.

ಸಾಧನಾ


ವೇಣೂರು
14-9-1997, ಭಾನುವಾರ

ಸಾಧನಾ ಮಗಾ,

ಸಂಜೆ ಆರು ಗಂಟೆ. ಊಟ ಆಯಿತು. ಬೆಳಿಗ್ಗೆ ಬಸದಿಯ ಅಂಗಳ ಗುಡಿಸಿದೆ, ದೀಪಕ್ಕೆ ಎಣ್ಣೆ ತಂದೆ. ಮಧ್ಯಾಹ್ನ ಸ್ವಲ್ಪ ಮಲಗಿದೆ. ಬೇರೆ ವಿಶೇಷ ಇಲ್ಲ. ನಿನ್ನ ಅಮ್ಮ ಹೋಗಿ ಇವತ್ತಿಗೆ ನೂರ ಎಪ್ಪತ್ತು ದಿನ. ಡೈರಿ ಬರೆಯುವ ಕಾರಣ ಲೆಕ್ಕ ತಪ್ಪುವುದಿಲ್ಲ.

ನಿನ್ನ ಕಾಗದ ನಾಲ್ಕು ಸಲ ಓದಿದೆ. ರಾತ್ರಿ ಊಟ ಬಿಟ್ಟದ್ದನ್ನು ನೀನು ಕೊನೆಗೆ ಒಂದು ಸಣ್ಣ ವಿಷಯದ ಹಾಗೆ ಬರೆದಿದ್ದೀ. ನನಗೆ ಅರ್ಥ ಆಯಿತು. ತಂಗಿ ಯಶೋಧಾ ತೊಂಬತ್ತೆರಡರ ಭಾದ್ರಪದದಲ್ಲಿ ನೋಂಪಿ ವ್ರತ ಹಿಡಿದಿದ್ದಳು. ಐದು ವರ್ಷ ಸೂರ್ಯ ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುವುದಿಲ್ಲ ಎಂದು. ಅಲ್ಲಿಯ ತನಕ ನಾನು ಸಂಜೆಗೆ ಉಂಡರೂ ಅವಳ ಊಟ ರಾತ್ರಿಯೇ, ಬೀಡಿ ಕಟ್ಟಿ ಮುಗಿಯುವಾಗ ಎಂಟಾಗುತ್ತಿತ್ತು. ನೋಂಪಿ ಹಿಡಿದ ಮೇಲೆ ಎಷ್ಟೋ ದಿನ ಹಾಗೆಯೇ ಮಲಗಿದಳು. ಐದು ತಿಂಗಳು ಬಾಕಿ ಇರುವಾಗ ಹೋದಳು. ಅದೊಂದು ಅರ್ಧಕ್ಕೆ ನಿಂತಿತಲ್ಲ ಎಂದು ನನಗೆ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಯಾರಲ್ಲಿಯೂ ಹೇಳಿರಲಿಲ್ಲ.

ಈಗ ನೀನು ಅಲ್ಲಿಂದಲೇ ಹಿಡಿದಿದ್ದೀ. ಬಾಯಿ ಬಿಟ್ಟು ಹೇಳುವ ಜಾತಿ ನೀನಲ್ಲ, ಅವಳೂ ಅಲ್ಲ.

ಇವತ್ತು ಬಸದಿಯಲ್ಲಿ ಪೂಜೆ ಮಾಡುವ ಇಂದ್ರರನ್ನು ಕೇಳಿದೆ. “ತಾಯಿ ಬಿಟ್ಟ ನೋಂಪಿಯನ್ನು ಮಗಳು ಮುಗಿಸಿದರೆ ಆಗ್ತದಾ?” ಅವರು ಎಲೆ ಅಡಿಕೆ ಜಗಿಯುತ್ತಾ, “ಮನಸ್ಸಿಟ್ಟು ಮಾಡಿದರೆ ಆಗ್ತದೆ. ಜನವರಿ ಕೊನೆಗೆ ಐದು ತಿಂಗಳು ಆಯಿತಲ್ಲ” ಅಂದರು. ನಾನು ಬೆರಳಲ್ಲಿ ಎಣಿಸುವ ಮೊದಲು ಅವರು ಎಣಿಸಿ ಆಗಿತ್ತು.

ಹಣದ ವಿಷಯ ತಲೆಬಿಸಿ ಮಾಡಬೇಡ. ಬ್ರಾಂಚಿಗೆ ಹೋಗಿ ಕೇಳುತ್ತೇನೆ.

ಮುನಿರಾಜ


ಮೂಡುಬಿದಿರೆ
5-10-1997, ಭಾನುವಾರ

ಮಾವ,

ಮಧ್ಯಾಹ್ನ ಮೂರು ಗಂಟೆ. ಇವತ್ತು ಶಿಶುವಿಹಾರ ಇಲ್ಲ. ತಲೆಗೆ ಮಿಂದು ಕೂತಿದ್ದೇನೆ.

ನೀವು ಬರೆದದ್ದು ಓದಿದೆ. ಅಮ್ಮನ ನೋಂಪಿಯ ಬಗ್ಗೆ ಹೆಚ್ಚು ಬರೆಯಲು ನನಗೆ ಗೊತ್ತಾಗುವುದಿಲ್ಲ. ನೀವು ಸಂತೋಷದಲ್ಲಿದ್ದೀರಿ ಎಂದು ತಿಳಿಯಿತು, ಅಷ್ಟು ಸಾಕು.

ಮಾಸ್ಟ್ರು ಹೋದ ತಿಂಗಳಿನಿಂದ ಫೀಸು ನೂರರಿಂದ ನೂರ ಐವತ್ತು ಮಾಡಿದರು. ಸೀನಿಯರ್ ಪಾಠ, ಹೊತ್ತು ಹೆಚ್ಚು ಹೋಗುತ್ತದೆ ಎಂದು. ತಪ್ಪು ಹೇಳುವ ಹಾಗಿಲ್ಲ, ನಿತ್ಯಾನಂದ ಮಾಸ್ಟ್ರಿಗೂ ಮನೆ ಮಕ್ಕಳು ಉಂಟು. ಅವರ ಹಳೆಯ ಹಾರ್ಮೋನಿಯಂ ಒಂದು ಇದೆ, ಅದನ್ನು ತಿಂಗಳಿಗೆ ನಲವತ್ತಕ್ಕೆ ಬಾಡಿಗೆಗೆ ತಂದಿದ್ದೇನೆ. ಬೆರಳಿಡುವ ಮನೆಗಳಲ್ಲಿ ಎರಡು ಒತ್ತಿದರೆ ಮೇಲೆ ಬರುವುದಿಲ್ಲ, ಉಗುರಿನಲ್ಲಿ ಎತ್ತಬೇಕು. ಕೋಣೆಯಲ್ಲಿ ನುಡಿಸಿದರೆ ಉಳಿದವರ ಓದಿಗೆ ತೊಂದರೆ ಎಂದು ವಾರ್ಡನ್ ಹೇಳಿದ್ದಾರೆ. ಬೆಳಿಗ್ಗೆ ಐದಕ್ಕೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂತು ಹಾಡುತ್ತೇನೆ.

ಮೊನ್ನೆ ಪಾಠದಲ್ಲಿ ಮಾಸ್ಟ್ರು ತಂಬೂರಿ ನಿಲ್ಲಿಸಿದರು.

“ಮೇಲಿನ ಷಡ್ಜದಲ್ಲಿ ನಿನಗೆ ಎಂತ ಆಗ್ತದೆ? ಮುಟ್ಟಿದ ಕೂಡಲೇ ಬಿಟ್ಟು ಓಡ್ತಿ. ಬಿಸಿ ಕಾವಲಿಯಾ ಅದು?”

“ಉಸಿರು ಸಾಲುವುದಿಲ್ಲ ಮಾಸ್ಟ್ರೇ.”

“ಉಸಿರು ಅಂಗಡಿಯಲ್ಲಿ ಸಿಕ್ಕುವುದಾದರೆ ನಾನೇ ಒಂದು ಕಿಲೋ ತಂದು ಕೊಡ್ತಿದ್ದೆ. ಜೂನಿನಲ್ಲಿ ನಿಲ್ತಿತ್ತಲ್ಲ, ಈಗ ಎಂತಕ್ಕೆ ನಿಲ್ಲುವುದಿಲ್ಲ? ಹೆಸರು ಮಾತ್ರ ಸಾಧನಾ.”

ಜೊತೆಯ ಹುಡುಗಿಯರು ನಕ್ಕರು. ನಾನೂ ನಕ್ಕೆ.

ಪಾಠಕ್ಕೆ ಸೇರಿದ ಹೊಸತರಲ್ಲಿ ಅಮ್ಮ ಬೀಡಿ ಕಟ್ಟುವ ಹತ್ತಿರ ಕೂತು ನಾನು ಸ್ವರ ಹೇಳುತ್ತಿದ್ದೆ. ಅಮ್ಮ ಎಲೆ ಸುರುಳಿ ಮಾಡಿ, ನೂಲು ಸುತ್ತಿ, ಬಾಯಿ ಮಡಿಸಿ ಇಡುವಷ್ಟರಲ್ಲಿ ಒಂದು ತಾಳ ಮುಗಿಯುತ್ತಿತ್ತು. ನಾನು ಓಡಿದರೆ, “ನಿಧಾನ, ನನ್ನ ಕೈ ನೋಡು” ಎನ್ನುತ್ತಿದ್ದಳು. ಅವಳಿಗೆ ಸಂಗೀತ ಗೊತ್ತಿರಲಿಲ್ಲ. ಲಯ ನಾನು ಅಲ್ಲಿಂದ ಕಲಿತದ್ದು.

ಪಿ.ಎಫ್. ವಿಷಯ ಏನಾಯಿತು ಎಂದು ನೀವು ಬರೆಯಲಿಲ್ಲ.

ಸಾಧನಾ


ವೇಣೂರು
2-11-1997, ಭಾನುವಾರ

ಮಗಾ,

ಸಂಜೆ ಐದೂಮುಕ್ಕಾಲು. ಇವತ್ತು ಬಿಸಿಲು ಜೋರಿತ್ತು. ಬಸದಿಯ ಹಿಂದಿನ ಪಾಗಾರದ ಗೋಡೆಯ ಮೇಲಿನ ಹುಲ್ಲು ಕಿತ್ತೆ. ಬೆನ್ನು ನೋಯುತ್ತದೆ.

ದೀಪಾವಳಿಗೆ ನೀನು ಬರುತ್ತೀ ಎಂದು ಒಂದು ಸೇರು ಅಕ್ಕಿ ನೆನೆಹಾಕಿದ್ದೆ. ಪಾಠ ಇದ್ದರೆ ಬಿಡುವ ಹಾಗಿಲ್ಲ, ಸರಿಯೇ. ದೋಸೆ ಮೂರು ದಿನ ತಿಂದೆ.

ಬೀಡಿ ಬ್ರಾಂಚಿಗೆ ಮೂರು ಸಲ ಹೋದೆ. ಮಹಮ್ಮದ್ ಕುಂಞಿಯವರು ಕೂರಿಸಿ ಚಹಾ ತರಿಸಿದರು. ಯಶೋಧಾ ಹದಿನಾರು ವರ್ಷ ಬೀಡಿ ಕೊಟ್ಟದ್ದು ಅವರಿಗೇ ಅಲ್ಲವಾ. ಅವರು ಹೇಳಿದ್ದು ಹೀಗೆ.

“ಮುನಿರಾಜಣ್ಣ, ನಾನು ಕಾಗದ ಕಳಿಸಿ ಆಯಿತು. ಅಲ್ಲಿಂದ ವಾಪಸು ಬಂತು. ಹಳೆಯ ಫಾರ್ಮಿನಲ್ಲಿ ಯಶೋಧಕ್ಕನ ಹೆಬ್ಬೆಟ್ಟು, ಹೊಸದರಲ್ಲಿ ಸಹಿ. ಎರಡೂ ಒಬ್ಬರದ್ದೇ ಅಂತ ಪಂಚಾಯತಿಯವರು ಬರೆದು ಕೊಡಬೇಕಂತೆ.”

“ಮಗಳು ಅಕ್ಷರ ಕಲಿಸಿದ ಮೇಲೆ ಸಹಿ ಹಾಕ್ಲಿಕ್ಕೆ ಶುರು ಮಾಡಿದ್ದು” ಅಂದೆ.

“ಅದು ನನಗೆ ಗೊತ್ತುಂಟು, ಆಫೀಸಿಗೆ ಗೊತ್ತಾಗಬೇಕಲ್ಲ. ಹೆಬ್ಬೆಟ್ಟು ಒತ್ತುವವಳು ಸಹಿ ಹಾಕಿದರೆ ಸರ್ಕಾರಕ್ಕೆ ಹೆದರಿಕೆ.” ಮತ್ತೆ ಚಹಾದ ಲೋಟ ನನ್ನ ಕಡೆ ಸರಿಸಿ, “ಅವರ ಒಂದು ಬೀಡಿ ಕಟ್ಟು ಕೂಡ ನಾನು ಬಿಚ್ಚಿ ನೋಡಿದವನಲ್ಲ. ಹಾಗೇ ಒಳಗೆ ಇಡ್ತಿದ್ದೆ” ಅಂದರು.

ಪಂಚಾಯತಿ ಕಾಗದ ಮಾಡಿಸಿ ಕೊಟ್ಟಿದ್ದೇನೆ. ಬರುತ್ತದೆ.

ನಿನ್ನ ಅಮ್ಮ ಬೀಡಿ ಕಟ್ಟುವುದು ನನಗೆ ಯಾವತ್ತೂ ಹಿಡಿಸಿದ್ದಲ್ಲ. ಬಸದಿ ನೋಡಿಕೊಳ್ಳುವ ಮನೆಯಲ್ಲಿ ಹೊಗೆಸೊಪ್ಪಿನ ವಾಸನೆ. ಯಾರಾದರೂ ಬಂದರೆ ಕಾಣುವುದು ಬೇಡ ಎಂದು ಅವಳನ್ನು ಹಿಂದಿನ ಕೋಣೆಯಲ್ಲಿ ಕೂರಿಸಿದ್ದು ನಾನೇ. ಅಲ್ಲಿ ಕಿಟಕಿ ಸಣ್ಣದು. ಕೊನೆಯ ವರ್ಷ ಆ ಕೆಮ್ಮು. ಅವಳ ಮೊರ ಮತ್ತು ಕತ್ತರಿ ಈಗಲೂ ಅಲ್ಲೇ ಹಲಗೆಯ ಮೇಲೆ ಉಂಟು. ತೆಗೆಯಲು ಮನಸ್ಸು ಬರುವುದಿಲ್ಲ.

ನಿನ್ನ ನಿಯಮ ತಪ್ಪಲಿಲ್ಲ ಎಂದು ನಂಬಿದ್ದೇನೆ. ಎರಡು ತಿಂಗಳು ಆಯಿತು. ಡೈರಿಯಲ್ಲಿ ದಿನಾ ಒಂದು ಗೀಟು ಹಾಕುತ್ತೇನೆ.

ಮುನಿರಾಜ


ಮೂಡುಬಿದಿರೆ
7-12-1997, ಭಾನುವಾರ

ಮಾವ,

ಬೆಳಿಗ್ಗೆ ಹತ್ತು ಗಂಟೆ. ಐದಕ್ಕೆ ಎದ್ದು ಹಾಡಲು ಕೂತವಳು ಆರಕ್ಕೇ ನಿಲ್ಲಿಸಿದೆ. ಗಂಟಲು ಒಣಗಿತ್ತು.

ಕೋಪದಲ್ಲಿ ಬರೆಯುತ್ತಿದ್ದೇನೆ ಎಂದು ತಿಳಿಯಬೇಡಿ. ಮೊದಲು “ಕೇಳುತ್ತೇನೆ” ಎಂದು ಬರೆದಿರಿ, ಮತ್ತೆ “ಬರುತ್ತದೆ” ಎಂದು ಬರೆದಿರಿ. ಯಾವಾಗ ಎಂದು ಯಾರನ್ನಾದರೂ ಕೇಳಿ ತಾರೀಕು ಬರೆಯಿರಿ. ಅರ್ಜಿ, ಫೀಸು, ಫೋಟೋ ಎಲ್ಲ ಸೇರಿ ಮುನ್ನೂರ ಎಂಬತ್ತು ಆಗುತ್ತದೆ. ಫೆಬ್ರವರಿ ಹತ್ತು ಎಂದರೆ ಹತ್ತೇ. ಹನ್ನೊಂದಕ್ಕೆ ಕೊಂಡುಹೋದರೆ ತೆಗೆದುಕೊಳ್ಳುವುದಿಲ್ಲ.

ಮೊನ್ನೆ ಶಿಶುವಿಹಾರದಲ್ಲಿ ಒಂದು ತಮಾಷೆ ಆಯಿತು. ನಿಂತು ಹಾಡು ಹೇಳಿಕೊಡುತ್ತಿದ್ದವಳಿಗೆ ಕಣ್ಣು ಕತ್ತಲೆ ಬಂದ ಹಾಗಾಗಿ ನೆಲದಲ್ಲಿ ಕೂತೆ. ಅದೂ ಹಾಡಿನ ಭಾಗ ಎಂದು ಇಪ್ಪತ್ತು ಮಕ್ಕಳೂ ಕೂತುಬಿಟ್ಟರು. ಒಬ್ಬಳು, “ಟೀಚರ್, ಇನ್ನು ಏಳುವುದಾ?” ಎಂದು ಕೇಳಿದಳು. ಏಳಲು ಸ್ವಲ್ಪ ಹೊತ್ತು ಬೇಕಾಯಿತು. ಬಿಸಿಲಿಗೆ ಇರಬೇಕು.

ಇಲ್ಲಿ ಎಲ್ಲರಿಗೂ ನಾನು ರಾತ್ರಿ ಉಣ್ಣುವುದಿಲ್ಲ ಎಂದು ಗೊತ್ತಾಗಿದೆ. ಹುಡುಗಿಯರು “ಮಾತಾಜಿ” ಎಂದು ಕರೆಯುತ್ತಾರೆ. ತನ್ನ ಪರೀಕ್ಷೆಗೆ ಹೋಗುವಾಗ ಒಬ್ಬಳು ನನ್ನ ಕಾಲು ಮುಟ್ಟಿದಳು. ಅಡುಗೆಯ ಸೇಸಮ್ಮ ಮಾತ್ರ ನಂಬುವುದಿಲ್ಲ. ನಿನ್ನೆ ಬಾವಿಕಟ್ಟೆಯಲ್ಲಿ ಹಿಡಿದು ನಿಲ್ಲಿಸಿದರು.

“ನಿನ್ನ ದೇವರು ಒಂದು ಲೋಟ ಗಂಜಿತಿಳಿಯನ್ನೂ ಬೇಡ ಅಂತಾರಾ ಮಾರಾಯ್ತಿ?”

“ನಿಯಮ ಸೇಸಮ್ಮ.”

“ನಿಯಮ ಹಿಡಿದವರನ್ನು ನಾನು ಕಂಡಿದ್ದೇನೆ. ಅವರು ಒಗ್ಗರಣೆಯ ಪರಿಮಳ ಬರುವಾಗ ಕಿಟಕಿ ಹಾಕಿಕೊಳ್ಳುವುದಿಲ್ಲ.”

ನಾನು ಕೊಡ ಎತ್ತಿಕೊಂಡು ಬಂದೆ.

ಇದನ್ನೆಲ್ಲ ಯಾಕೆ ಬರೆದೆನೋ. ಹಣ ಬರುವ ತಾರೀಕು ತಿಳಿಸಿ.

ಸಾಧನಾ


ವೇಣೂರು
4-1-1998, ಭಾನುವಾರ

ಮಗಾ,

ಸಂಜೆ ಆರು ಗಂಟೆ. ಊಟ ಮಾಡಿ ಕೈ ತೊಳೆದು ಬರೆಯುತ್ತಿದ್ದೇನೆ. ಇವತ್ತು ಒಳ್ಳೆಯ ದಿನ.

ಶುಕ್ರವಾರ ಹಣ ಬಂತು. ಎರಡು ಸಾವಿರದ ಒಂಬೈನೂರ ಅರವತ್ತು. ಹದಿನಾರು ವರ್ಷಕ್ಕೆ ಇಷ್ಟು. ಕುಂಞಿಯವರು ಬ್ಯಾಂಕಿಗೆ ಜೊತೆಗೇ ಬಂದರು. “ಇನ್ನಾದರೂ ಮುಖ ಸ್ವಲ್ಪ ನೆಟ್ಟಗೆ ಮಾಡಿ ಮುನಿರಾಜಣ್ಣ, ಬ್ಯಾಂಕಿನವರು ಸಾಲ ಕೇಳ್ಲಿಕ್ಕೆ ಬಂದದ್ದು ಅಂತ ಗ್ರಹಿಸ್ತಾರೆ” ಅಂದರು.

ಸೇಸಮ್ಮನಂಥವರು ಆಡಿದ್ದನ್ನು ಮನಸ್ಸಿಗೆ ಹಾಕಿಕೊಳ್ಳಬೇಡ. ನೋಂಪಿ ಹಿಡಿದವರನ್ನು ಪರೀಕ್ಷೆ ಮಾಡುವವರು ಇದ್ದೇ ಇರುತ್ತಾರೆ. ನಿನ್ನ ಅಮ್ಮನನ್ನೂ ಬ್ರಾಂಚಿನಲ್ಲಿ ಹೆಂಗಸರು ತಮಾಷೆ ಮಾಡುತ್ತಿದ್ದರು.

ಆ ಹಣದಲ್ಲಿ ಒಂದು ಕೆಲಸ ಮಾಡುವುದೆಂದು ನಿಶ್ಚಯಿಸಿದ್ದೇನೆ. ಏನು ಎಂದು ಈಗ ಬರೆಯುವುದಿಲ್ಲ. ಫೆಬ್ರವರಿ ಮೊದಲ ವಾರ ಏಳೂವರೆಯ ಬಸ್ಸಿನಲ್ಲಿ ಕಂಡಕ್ಟರ್ ರುಕ್ಮಯ್ಯನ ಹತ್ತಿರ ನಿನಗೆ ಒಂದು ಪೆಟ್ಟಿಗೆ ಬರುತ್ತದೆ. ಬಸ್‌ಸ್ಟ್ಯಾಂಡಿಗೆ ಬಂದು ತೆಗೆದುಕೋ. ಅದು ಬಂದರೆ ನಿನ್ನ ಅಮ್ಮನ ಹೆಸರು ಉಳಿದ ಹಾಗೆ.

ಮುನಿರಾಜ


ಮೂಡುಬಿದಿರೆ
11-1-1998, ಭಾನುವಾರ

ಮಾವ,

ಮಧ್ಯಾಹ್ನ ಎರಡು ಗಂಟೆ. ಇವತ್ತು ಬೆಳಿಗ್ಗೆ ಎರಡು ಗಂಟೆ ಹಾಡಿದೆ. ನಿಮ್ಮ ಕಾಗದ ಬಂದ ಮೇಲೆ ಹಾರ್ಮೋನಿಯಂನ ಎತ್ತದ ಮನೆಗಳ ಮೇಲೂ ಸಿಟ್ಟು ಬರುವುದಿಲ್ಲ.

ಡಿಸೆಂಬರಿನಲ್ಲಿ ಒರಟಾಗಿ ಬರೆದೆ. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡಿ.

ನೀವು ಹೇಳದಿದ್ದರೂ ಪೆಟ್ಟಿಗೆ ಯಾವುದು ಎಂದು ನನಗೆ ಗೊತ್ತಾಯಿತು. ಹೆಣ್ಣುಮಕ್ಕಳ ಶ್ರುತಿ ಎಂದು ಕೇಳಿ ತೆಗೆದುಕೊಳ್ಳಿ. ವಯರು ಉದ್ದ ಇರಲಿ, ಇಲ್ಲಿ ಪ್ಲಗ್ ಬಾಗಿಲ ಹತ್ತಿರ ಇರುವುದು. ಹಾರ್ಮೋನಿಯಂ ಮುಂದಿನ ತಿಂಗಳಿನಿಂದ ಬೇಡ ಎಂದು ಮಾಸ್ಟ್ರಿಗೆ ಹೇಳಿದ್ದೇನೆ. “ಹೋ, ದೊಡ್ಡವರಾದಿರಿ” ಅಂದರು. ಶಾಲೆಗೂ ಒಂದು ಕಾರ್ಡು ಹಾಕಿದೆ, ಪರೀಕ್ಷೆಗೆ ಕಟ್ಟುತ್ತಿದ್ದೇನೆ ಎಂದು.

ಫೀಸಿನ ಹಣ ಪೆಟ್ಟಿಗೆಯೊಟ್ಟಿಗೇ ಕಳಿಸಬಹುದು. ರುಕ್ಮಯ್ಯಣ್ಣ ನಂಬಿಕೆಯ ಜನ.

ಸಾಧನಾ


ವೇಣೂರು
1-2-1998, ಭಾನುವಾರ

ಮಗಾ,

ಸಂಜೆ ಐದೂವರೆ. ಎಲ್ಲ ಮುಗಿದು ಜನ ಹೋದರು. ಅಂಗಳದಲ್ಲಿ ಬಾಳೆ ಎಲೆ ತೆಗೆದು ನೀರು ಹಾಕಿ ಬಂದು ಕೂತೆ.

ಇವತ್ತು ನಿನ್ನ ಅಮ್ಮನ ನೋಂಪಿಯ ಉದ್ಯಾಪನೆ ಮಾಡಿದೆ. ವ್ರತ ಪೂರ್ತಿಯಾದ ಮೇಲೆ ಪೂಜೆ, ದಾನ ಮಾಡಿ ಬಿಟ್ಟುಕೊಡದಿದ್ದರೆ ಅದು ಮುಗಿದ ಹಾಗಲ್ಲ. ನಿನ್ನೆಗೆ ನಿನ್ನ ಐದು ತಿಂಗಳು ತುಂಬಿತು. ನಿನ್ನನ್ನು ಕರೆಸುವ ಎಂದಿದ್ದೆ, ಪಾಠ ತಪ್ಪುವುದು ಬೇಡ ಎಂದು ಬಿಟ್ಟೆ. ನೋಂಪಿ ಅವಳ ಹೆಸರಿನದ್ದು, ಅಣ್ಣ ಮುಂದೆ ನಿಂತರೂ ಆಗುತ್ತದೆ ಎಂದು ಇಂದ್ರರು ಹೇಳಿದರು. ಪೂಜೆ ಚೆನ್ನಾಗಿ ಆಯಿತು. ನಲವತ್ತು ಜನರಿಗೆ ಊಟ. ಕುಂಞಿಯವರು ಬಂದು ಹೊರಗೆ ಕೂತು ಪಾನಕ ಕುಡಿದು ಹೋದರು.

ಇಪ್ಪತ್ತನಾಲ್ಕು ತೀರ್ಥಂಕರರ ಹೆಸರಿನಲ್ಲಿ ಇಪ್ಪತ್ತನಾಲ್ಕು ಸ್ಟೀಲಿನ ಊಟದ ತಟ್ಟೆ ದಾನ ಮಾಡಿದೆ. ಯಾರಿಗೆ ಎಂದು ತುಂಬಾ ಆಲೋಚಿಸಿದೆ. ನಿನ್ನ ಹಾಸ್ಟೆಲಿನ ಮೆಸ್ಸಿಗೇ ಕೊಡುವ ಎಂದು ಕಂಡಿತು. ನೀನು ನಿಯಮ ಪಾಲಿಸಿದ್ದು ಅಲ್ಲಿ, ಓದುವ ಹುಡುಗಿಯರು ಉಣ್ಣುವುದು ಅಲ್ಲಿ. ಒಂದೊಂದರಲ್ಲಿಯೂ ಅವಳ ಹೆಸರು ಕೊರೆಸಿದ್ದೇನೆ. ವಾರ್ಡನರ ಕೈಗೆ ನೀನೇ ಕೊಡು.

ನೀನು ಬರೆದ ಶ್ರುತಿಪೆಟ್ಟಿಗೆಯ ಕಾಗದ ಬರುವಾಗ ತಟ್ಟೆಗೆ ಹೇಳಿ ಆಗಿತ್ತು, ಹೆಸರೂ ಕೊರೆದಾಗಿತ್ತು. ಅದನ್ನು ಬರುವ ವರ್ಷ ನೋಡುವ. ಹೊಗೆಸೊಪ್ಪಿನಿಂದ ಬಂದ ಹಣ, ಅದರಿಂದಲೇ ಅವಳ ಜೀವ ಹೋದದ್ದು. ಅದು ಅವಳ ಪುಣ್ಯಕ್ಕೇ ಹೋಗಬೇಕು ಎಂದು ನನ್ನ ಮನಸ್ಸು. ಪರೀಕ್ಷೆಯ ಫೀಸಿಗೆ ಮೆಸ್ಸಿನಲ್ಲಿ ಉಳಿದ ತೊಂಬತ್ತು ತೊಂಬತ್ತು ಸೇರಿ ನಿನ್ನಲ್ಲಿ ನಾನೂರ ಐವತ್ತು ಇರಬೇಕಲ್ಲ, ಅದು ಸಾಕು. ಖರ್ಚಾಗಿ ಮಿಕ್ಕಿದ ನೂರ ನಲವತ್ತು ತಟ್ಟೆಗಳ ನಡುವೆ ಕವರಿನಲ್ಲಿ ಇಟ್ಟಿದ್ದೇನೆ.

ನನಗೆ ಇವತ್ತು ಹಗುರ ಆಗಿದೆ.

ಮುನಿರಾಜ


ಮೂಡುಬಿದಿರೆ
3-2-1998, ಮಂಗಳವಾರ

ಮಾವ,

ರಾತ್ರಿ ಎಂಟೂಕಾಲು. ಕೆಳಗೆ ತಟ್ಟೆಗಳ ಸದ್ದು ಕೇಳುತ್ತಿದೆ. ಹೊಸ ತಟ್ಟೆಗಳು.

ಬೆಳಿಗ್ಗೆ ಬಸ್‌ಸ್ಟ್ಯಾಂಡಿನಲ್ಲಿ ರುಕ್ಮಯ್ಯಣ್ಣ ಪೆಟ್ಟಿಗೆ ಇಳಿಸುವಾಗ, “ಎಂತದು ಅಕ್ಕಾ ಇದು, ಕಲ್ಲಾ?” ಅಂದರು. “ಶ್ರುತಿಪೆಟ್ಟಿಗೆ, ಜಾಗ್ರತೆ” ಅಂದೆ. ಎದೆಗೆ ಅವುಚಿಕೊಂಡು ಹಾಸ್ಟೆಲಿನ ತನಕ ನಡೆದೆ. ಮೂರು ಕಡೆ ಕೆಳಗಿಟ್ಟೆ. ಒಳಗಿನಿಂದ ಲೋಹದ ಸದ್ದು ಬಂದಾಗಲೂ ನನಗೆ ಗೊತ್ತಾಗಲಿಲ್ಲ.

ಸೇಸ‌ಮ್ಮನ ಕತ್ತಿಯಲ್ಲೇ ಹಗ್ಗ ಕೊಯ್ದದ್ದು. ಅವರು ಒಂದು ತಟ್ಟೆ ಎತ್ತಿ ತಿರುಗಿಸಿ, “ಏನೋ ಬರೆದುಂಟು, ಓದು” ಅಂದರು. ನಾನು ಓದಿದೆ. ‘ದಿ. ಯಶೋಧಾ ಸ್ಮರಣಾರ್ಥ.’ ಅಮ್ಮನ ಹೆಸರು ಇಪ್ಪತ್ತನಾಲ್ಕು ಸಲ. ನಿಮ್ಮ ಕಾಗದ ತಟ್ಟೆಗಳ ಅಡಿಯಲ್ಲಿತ್ತು.

ಮಾವ, ನಾನು ನೋಂಪಿ ಹಿಡಿಯಲಿಲ್ಲ. ನನಗೆ ತೊಂಬತ್ತು ರೂಪಾಯಿ ಬೇಕಿತ್ತು. ರಾತ್ರಿ ಊಟ ಬಿಡದಿದ್ದರೆ ಮಾಸ್ಟ್ರ ಫೀಸಿಗೆ, ಹಾರ್ಮೋನಿಯಂಗೆ ಬೇರೆ ದಾರಿ ಇರಲಿಲ್ಲ. ಐವತ್ತು ಅಲ್ಲಿಗೆ, ನಲವತ್ತು ಇಲ್ಲಿಗೆ. ನನ್ನಲ್ಲಿ ನಾನೂರ ಐವತ್ತು ಇಲ್ಲ. ಇಪ್ಪತ್ತೆರಡು ರೂಪಾಯಿ ಉಂಟು. ಮೊದಲ ಕಾಗದದಲ್ಲಿ ಸೂರ್ಯ, ನಿಯಮ ಎಂದು ಬರೆದದ್ದು ನೀವು ಬೇಸರ ಮಾಡಬಾರದು ಎಂದು. ನೀವು ಅದನ್ನು ಅಷ್ಟು ಎತ್ತರದಲ್ಲಿಟ್ಟಿರಿ. ಇಳಿಸಲು ನನಗೆ ಧೈರ್ಯ ಬರಲಿಲ್ಲ. ಸಂಜೆಯ ಅವಲಕ್ಕಿಯೂ ವಾರದಲ್ಲಿ ಮೂರು ದಿನ ಮಾತ್ರ. ಮೇಲಿನ ಷಡ್ಜ ನಿಲ್ಲದ್ದು ಅದಕ್ಕೇ. ಶಿಶುವಿಹಾರದಲ್ಲಿ ಬಿದ್ದದ್ದೂ ಬಿಸಿಲಿಗಲ್ಲ.

ಸುಳ್ಳು ನನ್ನದು. ಆದರೆ ನೀವು ಒಂದು ಸಲ ಕೇಳಬಹುದಿತ್ತು. ಊಟ ಬಿಟ್ಟೆ, ಹಣ ಕಡಿಮೆಯಾಯಿತು ಎಂದು ಒಂದೇ ಕಡೆ ಬರೆದಿದ್ದೆ. ನೀವು ಮೊದಲನೆಯದು ಓದಿ ಕಣ್ಣು ಒರೆಸಿಕೊಂಡಿರಿ, ಎರಡನೆಯದನ್ನು ಕೂಡಿಸಿ ಲೆಕ್ಕ ಹಾಕಿದಿರಿ.

ಇನ್ನೊಂದು ವಿಷಯ ಇವತ್ತು ಇಡೀ ದಿನ ತಲೆಯಲ್ಲಿ ತಿರುಗುತ್ತಿದೆ. ಬರೆಯದಿದ್ದರೆ ನಿದ್ದೆ ಬರಲಿಕ್ಕಿಲ್ಲ. ಅಮ್ಮ ನೋಂಪಿ ಹಿಡಿದದ್ದು ತೊಂಬತ್ತೆರಡರಲ್ಲಿ ಎಂದು ನೀವೇ ಬರೆದದ್ದು. ನನ್ನನ್ನು ಸಂಗೀತಕ್ಕೆ ಸೇರಿಸಿದ್ದೂ ಆ ವರ್ಷವೇ. ನಿಮ್ಮ ಡೈರಿ ತೆಗೆದು ನೋಡಿ.

ಹತ್ತನೇ ತಾರೀಕಿಗೆ ಇನ್ನೂರ ಹದಿನೆಂಟು ರೂಪಾಯಿ ಕಡಿಮೆ ಬೀಳುತ್ತದೆ. ಮಾಸ್ಟ್ರಲ್ಲಿ ಕೇಳುವ ಮುಖ ನನಗಿಲ್ಲ, ಜನವರಿಯ ಫೀಸೇ ಕೊಡಲಿಲ್ಲ.

ಸಾಧನಾ


ವೇಣೂರು
6-2-1998, ಶುಕ್ರವಾರ

ಮಗಾ,

ಸಂಜೆ ಏಳು ಗಂಟೆ. ಇವತ್ತು ಊಟ ಮಾಡಲಿಲ್ಲ, ಹಸಿವು ಇರಲಿಲ್ಲ. ಬೆಳಿಗ್ಗೆ ಬಸದಿಯ ಕೆಲಸ ಮುಗಿಸಿ ಬರುವಾಗ ಅಂಚೆಯವರು ದಾರಿಯಲ್ಲೇ ಕಾಗದ ಕೊಟ್ಟರು. ಜಗಲಿಯಲ್ಲಿ ಕೂತು ಓದಿದೆ.

ಡೈರಿ ತೆಗೆದು ನೋಡಿದೆ. ಹಾಗೆಯೇ ಬರೆಯುತ್ತೇನೆ.

‘22-6-92. ಸಾಧನಾಳನ್ನು ಸಂಗೀತ ಪಾಠಕ್ಕೆ ಸೇರಿಸಿತು. ತಿಂಗಳಿಗೆ ಮೂವತ್ತು. ಹೇಗೆಂದು ಕೇಳಿದೆ. ಯಶೋಧಾ ನಾನು ನೋಡಿಕೊಳ್ತೇನೆ ಅಂದಳು.’

‘2-9-92. ಯಶೋಧಾ ನೋಂಪಿ ಹಿಡಿದಳು. ಸಂತೋಷ.’

‘30-9-92. ಈ ತಿಂಗಳು ಅಕ್ಕಿ ಐದು ಸೇರು ಉಳಿಯಿತು.’

ಮೂರೂ ನನ್ನದೇ ಅಕ್ಷರ. ಒಂದೇ ಪುಸ್ತಕ, ಬೇರೆ ಬೇರೆ ಪುಟ. ಐದು ವರ್ಷ ಒಟ್ಟಿಗೆ ಓದಲಿಲ್ಲ. ಅವಳ ಮನಸ್ಸಿನಲ್ಲಿ ಏನಿತ್ತೆಂದು ಈಗ ಯಾರನ್ನು ಕೇಳುವುದು. ನೋಂಪಿಯೂ ನಿನ್ನ ಫೀಸೂ, ಎರಡೂ ಇದ್ದಿರಬಹುದು.

ಮಧ್ಯಾಹ್ನ ಇಂದ್ರರಲ್ಲಿ ಹೋದೆ. “ಮನಸ್ಸಿಲ್ಲದೆ ಹಸಿದು ಕೂತರೆ ಅದು ನೋಂಪಿಯ ಲೆಕ್ಕಕ್ಕೆ ಬರ್ತದಾ?” ಎಂದು ಕೇಳಿದೆ. ಅವರು ಬಾಯಿಯ ಎಲೆ ಅಡಿಕೆ ಉಗುಳಿ ಬಂದರು. “ಯಾರು ಹಸಿದದ್ದು?” ಅಂದರು. ನಾನು ಹೊರಡಲು ಎದ್ದೆ. “ಹಸಿದವರಿಗೆ ಮೊದಲು ಉಣ್ಣಲಿಕ್ಕೆ ಹೇಳಿ, ಮತ್ತೆ ಲೆಕ್ಕ ನೋಡುವ” ಅಂದರು.

ಪಾತ್ರೆ ಅಂಗಡಿಯವನು ಹೆಸರು ಕೊರೆದ ತಟ್ಟೆ ವಾಪಸು ತೆಗೆದುಕೊಳ್ಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೂ ಹೋಗಿ ಕೇಳಿದೆ. ಇಲ್ಲ ಅಂದ. ಅಲ್ಲಿಂದ ಬ್ರಾಂಚಿಗೆ ಹೋದೆ. ಕುಂಞಿಯವರು ಸಾಲವಾಗಿ ಕೊಡುತ್ತೇನೆ ಅಂದರು. ಬೇಡ, ಎಲೆ ಮತ್ತು ಹೊಗೆಸೊಪ್ಪು ಕೊಡಿ, ಕಟ್ಟಿ ತೀರಿಸುತ್ತೇನೆ ಅಂದೆ. ಅವರು ನಗಲಿಲ್ಲ.

“ನಿಮಗೆ ಬರ್ತದಾ ಮುನಿರಾಜಣ್ಣ?”

“ಹದಿನಾರು ವರ್ಷ ನೋಡಿದ್ದೇನೆ.”

“ನೋಡಿದರೆ ಬರುವುದಾದರೆ ನನ್ನ ಬೆಕ್ಕು ಕೂಡ ಕಟ್ತಿತ್ತು. ಮೊದಲ ಸಾವಿರದಲ್ಲಿ ಅರ್ಧ ನಾನು ಎಸೆಯುತ್ತೇನೆ, ಈಗಲೇ ಹೇಳಿದ್ದೇನೆ. ಬೇಜಾರು ಮಾಡಬಾರದು.” ಮುಂಗಡ ಇನ್ನೂರ ಐವತ್ತು ಎಣಿಸಿ ಕೊಟ್ಟರು.

ಹಲಗೆಯಿಂದ ಅವಳ ಮೊರ ಇಳಿಸಿದೆ. ಹಿಂದಿನ ಕೋಣೆಯಲ್ಲಿ ಕೂರಲು ಆಗಲಿಲ್ಲ, ಗಾಳಿ ಇಲ್ಲ. ಮುಂದಿನ ಜಗಲಿಯಲ್ಲಿ ಕೂತೆ. ದಾರಿಯಲ್ಲಿ ಹೋಗುವವರು ನೋಡಿದರು. ನೋಡಲಿ. ಸಂಜೆಯ ತನಕ ಮೂವತ್ತೊಂದು ಆಯಿತು. ಒಂದೂ ಅವಳು ಕಟ್ಟಿದ ಹಾಗಿಲ್ಲ. ದಿನಕ್ಕೆ ಇನ್ನೂರು ಬೀಡಿ ಕಟ್ಟಲು ಬಂದರೆ ಮುಂಗಡ ಒಂದು ತಿಂಗಳ ಮೇಲೆ ತೀರುತ್ತದೆ. ಬಸದಿಯವರು ಬೇಡ ಎಂದರೆ ಕೆಲಸ ಬಿಡಿಸಲಿ, ಈ ತನಕ ಯಾರೂ ಹೇಳಲಿಲ್ಲ.

ಈ ಕಾಗದದ ಒಳಗೆ ಇನ್ನೂರ ಐವತ್ತು ಇಟ್ಟಿದ್ದೇನೆ. ನಾಳೆ ಬೆಳಿಗ್ಗೆ ರುಕ್ಮಯ್ಯನ ಕೈಗೆ ಕೊಡುತ್ತೇನೆ.

ರಾತ್ರಿ ಊಟ ಮಾಡು. ಡೈರಿಯ ಗೀಟುಗಳನ್ನು ಅಳಿಸಲಿಲ್ಲ. ಅವು ಯಾವುದರ ಲೆಕ್ಕ ಎಂದು ಈಗ ಗೊತ್ತಾಗಿದೆ.

ಮುನಿರಾಜ


ಮೂಡುಬಿದಿರೆ
9-2-1998, ಸೋಮವಾರ

ಮಾವ,

ರಾತ್ರಿ ಎಂಟೂಮುಕ್ಕಾಲು. ಬೆಳಿಗ್ಗೆ ಶಿಶುವಿಹಾರ, ಮಧ್ಯಾಹ್ನ ಫೋಟೋ ತಂದದ್ದು, ಸಂಜೆ ಮಾಸ್ಟ್ರಲ್ಲಿ ಅರ್ಜಿ ತುಂಬಿಸಿದ್ದು. ಹಣ ಶನಿವಾರವೇ ಬಂತು. ರುಕ್ಮಯ್ಯಣ್ಣ ಕವರು ಕೊಡುವಾಗ, “ಇವತ್ತು ಕಲ್ಲಿಲ್ಲ ಅಕ್ಕಾ” ಅಂದರು.

ಮಾಸ್ಟ್ರಿಗೆ ಎಲ್ಲ ಹೇಳಿದೆ. ಅವರು ತಲೆ ಎತ್ತದೆ ತಂಬೂರಿಯ ತಂತಿ ಒರೆಸುತ್ತಾ ಇದ್ದರು. ಮತ್ತೆ, “ಐದು ತಿಂಗಳು ನಾನು ನಿನ್ನ ಉಸಿರಿಗೆ ಬಯ್ದೆ” ಅಂದರು. ಜನವರಿಯ ಫೀಸು ಜೂನಿನಲ್ಲಿ ಕೊಡಲು ಹೇಳಿದರು. ಬಿಟ್ಟೇಬಿಡಲು ಅವರಿಗೂ ಆಗುವುದಿಲ್ಲ. ಹಾರ್ಮೋನಿಯಂ ವಾಪಸು ತಂದಿದ್ದೇನೆ, ಅದೇ ಎರಡು ಮನೆಗಳು, ಅದೇ ಉಗುರು. ಮೇ ತಿಂಗಳ ಒಳಗೆ ಸ್ವರ ಮೊದಲಿನ ಹಾಗೆ ನಿಲ್ಲುತ್ತದೋ ಇಲ್ಲವೋ ಮಾಸ್ಟ್ರೂ ಹೇಳುವುದಿಲ್ಲ.

ನಿಮ್ಮ ಮೇಲೆ ಕೋಪ ಪೂರ್ತಿ ಹೋಗಿಲ್ಲ. ಹೋಗಿದೆ ಎಂದು ಬರೆದರೆ ಮತ್ತೊಂದು ಸುಳ್ಳಾಗುತ್ತದೆ. ಬೀಡಿ ಕಟ್ಟುವಾಗ ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಎಲೆಯನ್ನು ಹಿಂದಿನ ದಿನವೇ ನೆನೆಸಿಡಬೇಕು, ಅಮ್ಮ ಹಾಗೆಯೇ ಮಾಡುತ್ತಿದ್ದದ್ದು. ಒಣ ಎಲೆ ಸುತ್ತಿದರೆ ಒಡೆಯುತ್ತದೆ.

ಶನಿವಾರದಿಂದ ರಾತ್ರಿ ಊಟಕ್ಕೆ ಹೆಸರು ಬರೆಸಿದ್ದೇನೆ. ಮಾತಾಜಿ ಕೆಳಗಿಳಿದು ಬಂದರು ಎಂದು ಹುಡುಗಿಯರು ನಕ್ಕರು. ಸೇಸಮ್ಮ ಯಾವ ತಟ್ಟೆ ಬೇಕು ಎಂದು ಕೇಳಲಿಲ್ಲ, ಹೊಸದರಲ್ಲಿ ಒಂದನ್ನು ತೆಗೆದು ಅನ್ನ ಬಡಿಸಿದರು. ಅಕ್ಷರ ತಟ್ಟೆಯ ನಡುವೆಯೇ ಕೊರೆಸಿದ್ದೀರಿ. ಉಂಡು ಮುಗಿಯುವಾಗ ಕಾಣುತ್ತದೆ.

ನಾಳೆ ಹತ್ತನೇ ತಾರೀಕು. ಮಾಸ್ಟ್ರು ಆರೂಕಾಲರ ಬಸ್ಸಿಗೆ ಮಂಗಳೂರಿಗೆ ಹೋಗುತ್ತಾರೆ, ಅರ್ಜಿ ಅವರ ಚೀಲದಲ್ಲಿ ಉಂಟು. ರಾತ್ರಿ ಮೆಸ್ಸಿನಲ್ಲಿ ಗಂಜಿ, ಹುರುಳಿ ಚಟ್ನಿ.

ಸಾಧನಾ